ಅಡಿಕೆ ಬಿಲ್ಲಿನ ತಂತ್ರಾಂಶ ಹ್ಯಾಂಗ್ ಆಗುವುದೇಕೆ? ಡೆಸ್ಕ್‌ಟಾಪ್ ಪರದೆಯ ತೊಂದರೆಗಳ ಪ್ರಶ್ನೋತ್ತರ

ಪ್ರಶ್ನೆ (ಸಾಗರದಿಂದ): ಸರ್, ನಮಸ್ಕಾರ. ಒಂದು ಸಹಕಾರ ಸಂಘಕ್ಕೆ ಅಡಿಕೆ ಖರೀದಿಯ ಬಿಲ್ಲಿಂಗ್ ತಂತ್ರಾಂಶವನ್ನು ಸಿ ಶಾರ್ಪ್ ಮತ್ತು ವಿಂಡೋಸ್ ಫಾರ್ಮ್ಸ್ ಬಳಸಿ ಬರೆದುಕೊಟ್ಟಿದ್ದೇನೆ. ಡೇಟಾಬೇಸ್ ಶಿವಮೊಗ್ಗದ ಮುಖ್ಯ ಕಚೇರಿಯಲ್ಲಿದೆ. ಘಟ್ಟದ ಅಂಚಿನ ಶಾಖೆಗಳು ಇಂಟರ್ನೆಟ್ ಮೂಲಕ ಅದನ್ನು ತಲುಪುತ್ತವೆ. ಮಳೆ ಜೋರಾಗಿ ಲೈನ್ ಕೈಕೊಟ್ಟಾಗ ‘ಉಳಿಸು’ ಬಟನ್ ಒತ್ತಿದರೆ ಪರದೆ ಬೆಳ್ಳಗಾಗಿ ‘ನಾಟ್ ರೆಸ್ಪಾಂಡಿಂಗ್’ ಎಂದು ಬರುತ್ತದೆ. ಗುಮಾಸ್ತರು ಮತ್ತೆ ಮತ್ತೆ ಒತ್ತುತ್ತಾರೆ, ಕೆಲವೊಮ್ಮೆ ಒಬ್ಬರೇ ರೈತರಿಗೆ ಎರಡು ಬಿಲ್ ಆಗುತ್ತದೆ. ಉಳಿಸುವ ಕೋಡಿನ ಮೊದಲ ಸಾಲಿನಲ್ಲಿ ಬಟನ್ ಅನ್ನು ನಿಷ್ಕ್ರಿಯಗೊಳಿಸಿ ಕೊನೆಯ ಸಾಲಿನಲ್ಲಿ ಸಕ್ರಿಯಗೊಳಿಸಿದರೂ ಇದು ನಿಂತಿಲ್ಲ. ನಡುವೆ ‘ಡು ಈವೆಂಟ್ಸ್’ ಸೇರಿಸಿದರೆ ಸರಿಹೋದೀತೆ?

ಉತ್ತರ: ‘ಡು ಈವೆಂಟ್ಸ್’ ಸೇರಿಸಿದರೆ ಬಿಳಿ ಪರದೆ ಕಡಿಮೆಯಾದೀತು, ಆದರೆ ಎರಡು ಬಿಲ್ಲಿನ ಕಾಟ ಹೆಚ್ಚುತ್ತದೆ. ಏಕೆ ಎಂಬುದು ತಿಳಿಯಬೇಕಾದರೆ ಒಳಗೆ ನಡೆಯುವುದನ್ನು ಸ್ವಲ್ಪ ನೋಡಬೇಕು.

ಕೀಲಿ ಒತ್ತಿದ್ದು, ಮೌಸ್ ಕ್ಲಿಕ್ಕಿಸಿದ್ದು, ಪರದೆಯ ಒಂದು ಭಾಗವನ್ನು ಮತ್ತೆ ಬಿಡಿಸಬೇಕಾಗಿರುವುದು ಎಲ್ಲವೂ ವಿಂಡೋಸ್‌ನಲ್ಲಿ ಸಂದೇಶಗಳಾಗಿ ಬಂದು ಒಂದು ಸಾಲಿನಲ್ಲಿ ನಿಲ್ಲುತ್ತವೆ, ಮತ್ತು ಆ ಸಾಲಿನಿಂದ ಅವನ್ನು ಒಂದೊಂದಾಗಿ ಎತ್ತಿಕೊಂಡು ವಿಲೇವಾರಿ ಮಾಡುವುದು ಯುಐ ಥ್ರೆಡ್ ಎಂಬ ಒಂದೇ ಥ್ರೆಡ್, ಅಂದರೆ ತಂತ್ರಾಂಶದೊಳಗೆ ಪರದೆಯನ್ನು ನೋಡಿಕೊಳ್ಳುವ ಕೆಲಸದ ಎಳೆ. ನಿಮ್ಮ ‘ಉಳಿಸು’ ಬಟನ್ನಿನ ಕೋಡ್ ಅದೇ ಥ್ರೆಡ್‌ನಲ್ಲಿ ನಿಂತು ಶಿವಮೊಗ್ಗದ ಸರ್ವರಿನ ಉತ್ತರಕ್ಕೆ ಕಾಯುತ್ತಿದೆ. ಮಂಡಿಯಲ್ಲಿರುವ ಒಬ್ಬನೇ ಗುಮಾಸ್ತ ಫೋನನ್ನು ಕಿವಿಗಿಟ್ಟುಕೊಂಡು ಕುಳಿತುಬಿಟ್ಟರೆ ಎದುರಿಗೆ ನಿಂತವರ ಗತಿ ಏನೋ ಇಲ್ಲಿಯದೂ ಅದೇ. ಒಂದು ವಿಂಡೋ 5 ಸೆಕೆಂಡುಗಳವರೆಗೆ ಸಂದೇಶಗಳತ್ತ ತಿರುಗಿ ನೋಡದಿದ್ದರೆ ವಿಂಡೋಸ್ ಅದನ್ನು ನಿಶ್ಚೇಷ್ಟಿತವೆಂದು ತೀರ್ಮಾನಿಸಿ, ಅದರ ಜಾಗದಲ್ಲಿ ಮಸುಕಾದ ನಕಲು ವಿಂಡೋವೊಂದನ್ನು ತೋರಿಸುತ್ತದೆ. ನಿಮ್ಮ ಬಿಳಿ ಪರದೆ ಅದು. ಡಾಟ್‌ನೆಟ್‌ನಲ್ಲಿ ಎಸ್‌ಕ್ಯೂಎಲ್ ಸರ್ವರಿಗೆ ಸಂಪರ್ಕ ಸಾಧಿಸಲು ನೀಡಿರುವ ಮೂಲ ಕಾಲಮಿತಿ 15 ಸೆಕೆಂಡು, ಒಂದು ಆಜ್ಞೆ ಮುಗಿಯಲು 30 ಸೆಕೆಂಡು. ಲೈನ್ ಬಿದ್ದ ಹೊತ್ತಿನಲ್ಲಿ 5 ಸೆಕೆಂಡಿನ ಗಡಿಯನ್ನು ದಾಟದೆ ಬೇರೆ ದಾರಿಯೇ ಇಲ್ಲ.

ಬಟನ್ ನಿಷ್ಕ್ರಿಯಗೊಳಿಸಿದರೂ ಎರಡು ಬಿಲ್ ಏಕೆ ಆಗುತ್ತದೆ ಎಂಬುದು ಒಳ್ಳೆಯ ಪ್ರಶ್ನೆ. ಥ್ರೆಡ್ ಕಾಯುತ್ತಿರುವಾಗ ಗುಮಾಸ್ತರು ಒತ್ತಿದ ಕ್ಲಿಕ್ ಎಲ್ಲಿಗೂ ಹೋಗಿರುವುದಿಲ್ಲ, ಸಾಲಿನಲ್ಲೇ ಉಳಿದಿರುತ್ತದೆ. ನಿಮ್ಮ ಕೋಡ್ ಮುಗಿಯುತ್ತದೆ, ಕೊನೆಯ ಸಾಲಿನಲ್ಲಿ ಬಟನ್ ಮತ್ತೆ ಸಕ್ರಿಯವಾಗುತ್ತದೆ, ಆಮೇಲಷ್ಟೇ ಥ್ರೆಡ್ ಸಾಲಿನತ್ತ ತಿರುಗಿ ಆ ಹಳೆಯ ಕ್ಲಿಕ್ಕನ್ನು ಎತ್ತಿಕೊಳ್ಳುತ್ತದೆ. ಅಷ್ಟರಲ್ಲಿ ಬಟನ್ ಸಕ್ರಿಯವಾಗಿರುವುದರಿಂದ ಎರಡನೆಯ ಬಿಲ್ ಸಲೀಸಾಗಿ ಉಳಿಯುತ್ತದೆ. ‘ಡು ಈವೆಂಟ್ಸ್’ ಮಾಡುವುದೆಂದರೆ ಕೆಲಸದ ನಡುವೆಯೇ ಸಾಲನ್ನು ಖಾಲಿ ಮಾಡುವುದು. ಹಾಗೆ ಮಾಡಿದಾಗ ಬಿಲ್ ಅರ್ಧ ಉಳಿದಿರುವಾಗಲೇ ಬಳಕೆದಾರರು ಫಾರ್ಮ್ ಮುಚ್ಚಬಹುದು, ಇನ್ನೊಬ್ಬ ರೈತರ ಖಾತೆ ತೆರೆಯಬಹುದು, ಬೇರೆ ಮೆನುವಿನಿಂದ ಇದೇ ಕೋಡನ್ನು ಮತ್ತೆ ಹೊರಡಿಸಬಹುದು. ಇಂತಹ ದೋಷಗಳು ನಿಮ್ಮ ಮೇಜಿನ ಮೇಲೆ ಕಾಣಿಸಿಕೊಳ್ಳದೆ ಶಾಖೆಯಲ್ಲಿ ಮಾತ್ರ ಕಾಣಿಸಿಕೊಳ್ಳುವುದರಿಂದ ಅವನ್ನು ಹಿಡಿಯುವುದು ಬಹಳ ಕಷ್ಟ.

ಸರಿಯಾದ ದಾರಿ ಅಸಿಂಕ್ ಮತ್ತು ಅವೇಟ್, ಅಂದರೆ ಥ್ರೆಡ್ಡನ್ನು ಕಟ್ಟಿಹಾಕದೆ ಕೆಲಸ ಮುಗಿಯುವುದನ್ನು ಕಾಯುವ ವಿಧಾನ. 2012ರ ಸಿ ಶಾರ್ಪ್ 5ರಿಂದ ಇದು ಭಾಷೆಯಲ್ಲೇ ಇದೆ. ಬಟನ್ನಿನ ಕೋಡನ್ನು ಅಸಿಂಕ್ ಮಾಡಿ, ಮೊದಲು ಪರದೆಯ ಮೇಲಿನ ತೂಕ, ದರ, ಸದಸ್ಯರ ಸಂಖ್ಯೆ ಇತ್ಯಾದಿಗಳನ್ನು ಒಂದು ವಸ್ತುವಿಗೆ ಓದಿಕೊಳ್ಳಿ, ಬಟನ್ ನಿಷ್ಕ್ರಿಯಗೊಳಿಸಿ, ಡೇಟಾಬೇಸಿನ ಇಡೀ ಕೆಲಸವನ್ನು ‘ಟಾಸ್ಕ್ ರನ್’ (ಹಿನ್ನೆಲೆಯ ಇನ್ನೊಂದು ಥ್ರೆಡ್‌ಗೆ ಕೆಲಸ ಒಪ್ಪಿಸುವ ಕರೆ) ಒಳಗಿಟ್ಟು ಅದಕ್ಕೆ ಅವೇಟ್ ಮಾಡಿ, ಬಟನ್ ಸಕ್ರಿಯಗೊಳಿಸುವ ಸಾಲನ್ನು ‘ಫೈನಲಿ’ಯಲ್ಲಿ (ದೋಷ ಬಂದರೂ ತಪ್ಪದೆ ನಡೆಯುವ ಭಾಗ) ಬರೆಯಿರಿ. ಕಾಯುವ ಹೊತ್ತಿನಲ್ಲಿ ಯುಐ ಥ್ರೆಡ್ ಬಿಡುವಾಗಿರುವುದರಿಂದ ಹೆಚ್ಚುವರಿ ಕ್ಲಿಕ್ಕುಗಳು ನಿಷ್ಕ್ರಿಯ ಬಟನ್ನಿನ ಮೇಲೆ ಆಗಿಂದಾಗಲೇ ಬಿದ್ದು ವ್ಯರ್ಥವಾಗುತ್ತವೆ, ಅವೇಟ್ ನಂತರದ ಸಾಲುಗಳು ತಾವಾಗಿಯೇ ಯುಐ ಥ್ರೆಡ್‌ಗೆ ಮರಳುತ್ತವೆ. ‘ಟಾಸ್ಕ್ ರನ್’ ಒಳಗಿನಿಂದ ಲೇಬಲ್, ಗ್ರಿಡ್ ಮುಂತಾದವನ್ನು ಮುಟ್ಟಬಾರದು ಎಂಬುದೊಂದೇ ಕಟ್ಟುಪಾಡು.

ಆದರೂ ಒಂದು ಸಂದಿಗ್ಧ ಉಳಿಯುತ್ತದೆ, ಮಲೆನಾಡಿನ ಲೈನುಗಳಲ್ಲಿ ಅದನ್ನು ಕಡೆಗಣಿಸುವಂತಿಲ್ಲ. ಬಿಲ್ ಸರ್ವರಿನಲ್ಲಿ ಉಳಿದ ಮೇಲೆ ‘ಉಳಿಯಿತು’ ಎಂಬ ಉತ್ತರ ಬರುವ ದಾರಿಯಲ್ಲಿ ಲೈನ್ ಕಡಿದುಹೋದರೆ, ಶಾಖೆಯ ಪರದೆಯಲ್ಲಿ ಕಾಲಮಿತಿ ಮೀರಿದ ದೋಷ ಕಾಣುತ್ತದೆ, ಡೇಟಾಬೇಸಿನಲ್ಲಿ ಬಿಲ್ ಇರುತ್ತದೆ. ಪರದೆಯ ಕೋಡ್ ಎಷ್ಟೇ ಚೆನ್ನಾಗಿದ್ದರೂ ಇದನ್ನು ತಡೆಯಲಾರದು. ಹೊಸ ಬಿಲ್ಲಿನ ಫಾರ್ಮ್ ತೆರೆದಾಗಲೇ ಅದಕ್ಕೊಂದು ಅನನ್ಯ ಗುರುತು, ಅಂದರೆ ಜಿಯುಐಡಿ, ಸೃಷ್ಟಿಸಿ ಬಿಲ್ಲಿನೊಂದಿಗೆ ಕಳುಹಿಸಿ, ಕೋಷ್ಟಕದ ಆ ಕಾಲಮ್ಮಿಗೆ ‘ಯುನೀಕ್’ ನಿರ್ಬಂಧ (ಒಂದೇ ಗುರುತು ಎರಡು ಸಲ ಸೇರದಂತೆ ತಡೆಯುವುದು) ಹಾಕಿ. ಗುಮಾಸ್ತರು ಎಷ್ಟು ಸಲ ಮತ್ತೆ ಪ್ರಯತ್ನಿಸಿದರೂ ಅದೇ ಗುರುತು ಹೋಗುವುದರಿಂದ ಎರಡನೆಯ ಸಾಲು ಸೇರಲಾರದು. ಆ ನಿರ್ಬಂಧದ ದೋಷ ಬಂದರೆ ಪರದೆಯಲ್ಲಿ ‘ಈ ಬಿಲ್ ಈಗಾಗಲೇ ಉಳಿದಿದೆ’ ಎಂದು ತೋರಿಸಿದರೆ ಆಯಿತು. ನನ್ನನ್ನು ಕೇಳಿದರೆ, ಈ ಎರಡರಲ್ಲಿ ಒಂದನ್ನು ಮಾತ್ರ ಮಾಡಲು ಸಮಯವಿದ್ದರೆ ಮೊದಲು ಇದನ್ನೇ ಮಾಡಿ. ಪರದೆ ಬೆಳ್ಳಗಾದರೆ ಬೈಗುಳ ಬರುತ್ತದೆ, ಎರಡು ಬಿಲ್ ಆದರೆ ಲೆಕ್ಕ ತಪ್ಪುತ್ತದೆ.

ಮರುಪ್ರಶ್ನೆ (ಸಾಗರದಿಂದ): ಧನ್ಯವಾದಗಳು ಸರ್. ಒಂದು ಹಳೆಯ ಫಂಕ್ಷನ್ನಿನಿಂದ ಹೊಸ ಅಸಿಂಕ್ ಫಂಕ್ಷನ್ನನ್ನು ಕರೆದು ಅದರ ‘ರಿಸಲ್ಟ್’ ಓದಿದೆ. ಈಗ ಪರದೆ ಶಾಶ್ವತವಾಗಿ ನಿಂತುಬಿಡುತ್ತದೆ, ಲೈನ್ ಚೆನ್ನಾಗಿದ್ದಾಗಲೂ.

ಉತ್ತರ: ‘ರಿಸಲ್ಟ್’ ಓದುವ ಯುಐ ಥ್ರೆಡ್ ಕೆಲಸ ಮುಗಿಯಲೆಂದು ಕಾಯುತ್ತದೆ, ಆ ಕೆಲಸದ ಅವೇಟ್ ನಂತರದ ಭಾಗ ಯುಐ ಥ್ರೆಡ್ ಬಿಡುವಾಗಲೆಂದು ಕಾಯುತ್ತದೆ. ಇಬ್ಬರೂ ಕಾಯುತ್ತಲೇ ಇರುತ್ತಾರೆ. ಹಳೆಯ ಫಂಕ್ಷನ್ನನ್ನೂ ಅಸಿಂಕ್ ಮಾಡಿ, ಬಟನ್ನಿನವರೆಗೂ ಅವೇಟ್ ಒಂದೇ ಸರಪಳಿಯಾಗಿ ಬರಲಿ.

ಪ್ರಶ್ನೆ (ತೀರ್ಥಹಳ್ಳಿಯಿಂದ): ನನ್ನ ಹಳೆಯ ಲ್ಯಾಪ್‌ಟಾಪ್ 1366×768 ಪರದೆಯದು. ಅದರಲ್ಲಿ ಮಾಡಿದ ಫಾರ್ಮ್ ಗ್ರಾಹಕರ ಹೊಸ ಫುಲ್ ಎಚ್‌ಡಿ ಲ್ಯಾಪ್‌ಟಾಪಿನಲ್ಲಿ ಮಸುಕಾಗಿ ಕಾಣುತ್ತದೆ, ಕೆಳಗಿನ ಬಟನ್ನುಗಳು ಪರದೆಯಾಚೆ ಹೋಗಿವೆ. ದೊಡ್ಡ ಪರದೆಯಲ್ಲಿ ಫಾರ್ಮ್ ಹಿಡಿಸುವುದಿಲ್ಲವೆಂದರೆ ನನಗೆ ಅರ್ಥವಾಗುತ್ತಿಲ್ಲ.

ಉತ್ತರ: ಪಿಕ್ಸೆಲ್ ಹೆಚ್ಚಿದೆ, ಜಾಗ ಹೆಚ್ಚಿಲ್ಲ. ಅಂತಹ ಲ್ಯಾಪ್‌ಟಾಪುಗಳಲ್ಲಿ ಅಕ್ಷರಗಳು ಓದುವಷ್ಟು ದೊಡ್ಡದಾಗಿರಲೆಂದು ವಿಂಡೋಸ್ ಸಾಮಾನ್ಯವಾಗಿ 125 ಅಥವಾ 150 ಪ್ರತಿಶತ ಹಿಗ್ಗಿಸುವಿಕೆಯನ್ನು ಇಟ್ಟಿರುತ್ತದೆ. ಗ್ರಾಹಕರ ಯಂತ್ರದಲ್ಲಿ 150 ಇದ್ದರೆ 1920×1080 ಪರದೆ ನಿಮ್ಮ ಫಾರ್ಮ್ ಪಾಲಿಗೆ 1280×720 ಆಗುತ್ತದೆ, ಅಂದರೆ ನಿಮ್ಮ ಹಳೆಯ ಲ್ಯಾಪ್‌ಟಾಪಿಗಿಂತ ಚಿಕ್ಕದು. 700 ಪಿಕ್ಸೆಲ್ ಎತ್ತರದ ಫಾರ್ಮ್ 1050 ಆಗುತ್ತದೆ. ಟಾಸ್ಕ್‌ಬಾರ್ ಕಳೆದು ಉಳಿಯುವ ಜಾಗ ಅದಕ್ಕಿಂತ ಕಡಿಮೆ.

ಮಸುಕಿಗೆ ಕಾರಣ ಬೇರೆ. ತನಗೆ ಡಿಪಿಐ (ಒಂದು ಇಂಚಿಗೆ ಇಷ್ಟು ಚುಕ್ಕೆ ಎಂಬ ಅಳತೆ) ಬದಲಾವಣೆ ಗೊತ್ತು ಎಂದು ತಂತ್ರಾಂಶ ಘೋಷಿಸದಿದ್ದರೆ ವಿಂಡೋಸ್ ಅದನ್ನು 96 ಡಿಪಿಐಯಲ್ಲಿ ಬಿಡಿಸಿ, ಆ ಚಿತ್ರವನ್ನು ಎಳೆದು ದೊಡ್ಡದು ಮಾಡುತ್ತದೆ. ಡಾಟ್‌ನೆಟ್ ಫ್ರೇಮ್‌ವರ್ಕ್ 4.7 ಅಥವಾ ನಂತರದ ಆವೃತ್ತಿಯನ್ನು ಬಳಸಿ, ‘ಪರ್ ಮಾನಿಟರ್ ವಿ2’ ಎಂದು ಘೋಷಿಸಿದರೆ ಅಕ್ಷರಗಳು ಸ್ಪಷ್ಟವಾಗುತ್ತವೆ; ಈ ಸೌಲಭ್ಯ ಇರುವುದು ವಿಂಡೋಸ್ 10ರ 1703 ಆವೃತ್ತಿಯಿಂದ ಈಚೆಗೆ. ಘೋಷಿಸುವ ಮುನ್ನ ಫಾರ್ಮ್‌ನ ಜೋಡಣೆಯನ್ನು ಸರಿಪಡಿಸಿಕೊಳ್ಳಿ, ಇಲ್ಲವಾದರೆ ಮಸುಕು ಹೋಗಿ ಪೆಟ್ಟಿಗೆಗಳು ಒಂದರ ಮೇಲೊಂದು ಏರಿ ಕೂರುತ್ತವೆ. ಪ್ರತಿ ಪೆಟ್ಟಿಗೆಗೂ ಕೈಯಿಂದ ಸ್ಥಾನ ಕೊಡುವುದನ್ನು ಬಿಟ್ಟು ‘ಟೇಬಲ್ ಲೇಔಟ್ ಪ್ಯಾನೆಲ್’ ಬಳಸಿ. ಬಟನ್ನುಗಳ ಸಾಲನ್ನು ಫಾರ್ಮ್‌ನ ತಳಕ್ಕೆ ಡಾಕ್ ಮಾಡಿ, ಉಳಿದ ಭಾಗವನ್ನು ತಾನಾಗಿ ಸ್ಕ್ರಾಲ್ ಆಗುವ ಪ್ಯಾನೆಲ್‌ನಲ್ಲಿಡಿ. ಪರದೆ ಎಷ್ಟೇ ಚಿಕ್ಕದಾದರೂ ‘ಉಳಿಸು’ ಬಟನ್ ಕಣ್ಣೆದುರಿಗೆ ಇರುತ್ತದೆ. ಫಾರ್ಮ್ ವಿನ್ಯಾಸ ಮಾಡುವ ಯಂತ್ರದಲ್ಲಿ ಹಿಗ್ಗಿಸುವಿಕೆ 100 ಪ್ರತಿಶತದಲ್ಲಿರಲಿ.

ಪ್ರಶ್ನೆ (ಶಿವಮೊಗ್ಗದಿಂದ): ಕನ್ನಡದ ವಿಷಯದಲ್ಲಿ ಮೂರು ತೊಂದರೆಗಳಿವೆ ಸರ್. ಗ್ರಿಡ್‌ನಲ್ಲಿ ‘ಬೆಟ್ಟೆ’ (ಅಡಿಕೆಯ ಒಂದು ಬಗೆ) ಎಂಬುದರ ಒತ್ತು ಕತ್ತರಿಸಿ ‘ಬೆಟೆ’ ಎಂದು ಕಾಣುತ್ತದೆ. ಊರಿನ ಹೆಸರಿಗೆ 20 ಅಕ್ಷರ ಇಟ್ಟರೂ ಸಾಲುವುದಿಲ್ಲ. ‘ಶಿವಮೊಗ್ಗ’ ಎಂದು ಹುಡುಕಿದರೆ ಕೆಲವು ದಾಖಲೆಗಳು ಸಿಗುವುದಿಲ್ಲ, ಕಣ್ಣಿಗೆ ಮಾತ್ರ ಎಲ್ಲವೂ ಒಂದೇ.

ಉತ್ತರ: ಈ ಮೂರೂ ತೊಂದರೆಗಳು ಇಂಗ್ಲಿಷಿಗೆ ಅಳತೆ ಮಾಡಿ ಹೊಲಿಸಿದ ಪರದೆಗೆ ಕನ್ನಡ ತುಂಬುವುದರಿಂದ ಬರುತ್ತವೆ. ಕನ್ನಡದ ಒತ್ತಕ್ಷರಗಳು ಸಾಲಿನಿಂದ ಕೆಳಗಿಳಿಯುತ್ತವೆ, ಗ್ರಿಡ್‌ನ ಸಾಲಿನ ಎತ್ತರ ಮಾತ್ರ ಇಂಗ್ಲಿಷ್ ಫಾಂಟ್‌ಗೆ ತಕ್ಕಂತೆ ನಿಗದಿಯಾಗಿರುತ್ತದೆ. ವಿಂಡೋಸ್ 8ರಿಂದ ಈಚೆಗೆ ಬಂದಿರುವ ನಿರ್ಮಲಾ ಯುಐ ಫಾಂಟನ್ನು ಸ್ಪಷ್ಟವಾಗಿ ಹೆಸರಿಸಿ, ‘ಸ್ತ್ರೀ’ಯಂತಹ ಆಳವಾದ ಅಕ್ಷರಗಳನ್ನು ಹಾಕಿ ನೋಡಿ ಎತ್ತರವನ್ನು ಗೊತ್ತುಮಾಡಿ. ಪ್ರತಿ ಸಾಲನ್ನೂ ತಾನಾಗಿ ಅಳೆದುಕೊಳ್ಳುವ ಆಯ್ಕೆಯಿದೆ, ಆದರೆ ಸಾವಿರಾರು ಸಾಲುಗಳಿದ್ದರೆ ಅದು ಗ್ರಿಡ್ಡನ್ನು ನಿಧಾನಗೊಳಿಸುತ್ತದೆ.

‘ತೀರ್ಥಹಳ್ಳಿ’ ಕಣ್ಣಿಗೆ 4 ಅಕ್ಷರ. ಕಂಪ್ಯೂಟರಿನ ನೆನಪಿನಲ್ಲಿ ವ್ಯಂಜನ, ಗುಣಿತದ ಚಿಹ್ನೆ, ವಿರಾಮ ಚಿಹ್ನೆ (ಅರ್ಧಾಕ್ಷರ ಮಾಡುವ ‘್’) ಎಲ್ಲವೂ ಬೇರೆ ಬೇರೆಯಾಗಿ ಎಣಿಕೆಯಾಗಿ 10 ಆಗುತ್ತದೆ, ಯುಟಿಎಫ್-8ರಲ್ಲಿ 30 ಬೈಟ್ ಹಿಡಿಯುತ್ತದೆ. ಪೆಟ್ಟಿಗೆಯ ಗರಿಷ್ಠ ಉದ್ದ ಎಣಿಸುವುದು ಆ 10ನ್ನು. ಆದ್ದರಿಂದ ಮಿತಿಯನ್ನು ಧಾರಾಳವಾಗಿ ಮೂರು ಪಟ್ಟು ಇಡಿ, ರಸೀದಿಯಲ್ಲಿ ಜಾಗ ಸಾಲದೆಂದು ಹೆಸರನ್ನು ಕೋಡಿನಲ್ಲಿ ಕತ್ತರಿಸಬೇಡಿ. ವಿರಾಮ ಚಿಹ್ನೆಯ ಬಳಿ ಕತ್ತರಿಸಿದರೆ ‘ತೀರ್’ ಎಂಬಂತಹ ಅರೆಬರೆ ಹೆಸರು ಅಚ್ಚಾಗುತ್ತದೆ.

ಹುಡುಕಾಟದ ತೊಂದರೆ ‘ಮೊ’ ಎಂಬಲ್ಲಿ ಅಡಗಿರಬಹುದು. ಯುನಿಕೋಡ್‌ನಲ್ಲಿ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ಎರಡೂ ಪರದೆಯಲ್ಲಿ ಒಂದೇ ರೀತಿ ಕಾಣುತ್ತವೆ, ಸಂಕೇತಗಳನ್ನು ನೇರವಾಗಿ ಹೋಲಿಸುವ ಹುಡುಕಾಟಕ್ಕೆ ಮಾತ್ರ ಬೇರೆ ಬೇರೆ. ಉಳಿಸುವಾಗಲೂ ಹುಡುಕುವಾಗಲೂ ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಂತಹ ಜೋಡಿಗಳು ಒಂದೇ ಸಂಕೇತವಾಗುವ ರೂಪಕ್ಕೆ, ತನ್ನಿ. ಡಾಟ್‌ನೆಟ್‌ನಲ್ಲಿ ಅದು ‘ನಾರ್ಮಲೈಸ್’ ಎಂಬ ಒಂದು ಕರೆಯಷ್ಟೆ. ಈಗಾಗಲೇ ಇರುವ ದಾಖಲೆಗಳನ್ನೂ ಒಮ್ಮೆ ಹೀಗೆ ಸರಿಪಡಿಸಬೇಕು. ಇದಾದ ಮೇಲೂ ಸಿಗದ ದಾಖಲೆಗಳು ಹಳೆಯ ನುಡಿ ಫಾಂಟಿನ ಕಾಲದವೇ ಎಂದು ನೋಡಿ. ಅವುಗಳಲ್ಲಿ ಇರುವುದು ಕನ್ನಡದ ಫಾಂಟ್ ತೊಟ್ಟ ಲ್ಯಾಟಿನ್ ಸಂಕೇತಗಳು, ಅವನ್ನು ಪರಿವರ್ತಿಸದೆ ಯಾವ ಹುಡುಕಾಟವೂ ಕೆಲಸ ಮಾಡದು.

ಪ್ರಶ್ನೆ (ಹೊಸನಗರದಿಂದ): ನಮ್ಮ ತಂತ್ರಾಂಶ ಬೆಳಿಗ್ಗೆಯಿಂದ ಚೆನ್ನಾಗಿಯೇ ಓಡುತ್ತದೆ, ಸಂಜೆಯ ಹೊತ್ತಿಗೆ ‘ಎರರ್ ಕ್ರಿಯೇಟಿಂಗ್ ವಿಂಡೋ ಹ್ಯಾಂಡಲ್’ ಎಂದು ಬೀಳುತ್ತದೆ. ರ‍್ಯಾಮ್ ಹೆಚ್ಚಿಸಿದರೂ ಪ್ರಯೋಜನವಾಗಲಿಲ್ಲ.

ಉತ್ತರ: ರ‍್ಯಾಮ್‌ಗೂ ಇದಕ್ಕೂ ಸಂಬಂಧವಿಲ್ಲ. ಒಂದು ತಂತ್ರಾಂಶ ಏಕಕಾಲಕ್ಕೆ ಇಟ್ಟುಕೊಳ್ಳಬಹುದಾದ ಯೂಸರ್ ಆಬ್ಜೆಕ್ಟ್‌ಗಳಿಗೆ (ವಿಂಡೋ, ಮೆನು ಮುಂತಾದವು) ವಿಂಡೋಸ್ ಇಟ್ಟಿರುವ ಮೂಲ ಮಿತಿ 10,000. ಜಿಡಿಐ ಆಬ್ಜೆಕ್ಟ್‌ಗಳಿಗೂ (ಫಾಂಟ್, ಬ್ರಷ್ ಮುಂತಾದ ಚಿತ್ರಿಸುವ ಸಾಧನಗಳು) ಅಷ್ಟೇ. ಟಾಸ್ಕ್ ಮ್ಯಾನೇಜರಿನ ‘ಡೀಟೇಲ್ಸ್’ ಪುಟದಲ್ಲಿ ಈ ಎರಡು ಕಾಲಮ್‌ಗಳನ್ನು ಸೇರಿಸಿ, ಒಂದೊಂದು ಕೆಲಸ ಮಾಡುತ್ತಾ ಯಾವಾಗ ಸಂಖ್ಯೆ ಏರಿ ಇಳಿಯದೆ ನಿಲ್ಲುತ್ತದೆ ಎಂದು ನೋಡಿ. ಬಹುತೇಕ ಅಪರಾಧಿಗಳು ಇಬ್ಬರೇ: ಪ್ಯಾನೆಲ್ ಖಾಲಿ ಮಾಡಲು ಬಳಸುವ ‘ಕಂಟ್ರೋಲ್ಸ್ ಕ್ಲಿಯರ್’ ಒಳಗಿನ ಪೆಟ್ಟಿಗೆಗಳನ್ನು ತೆಗೆಯುತ್ತದೆಯೇ ಹೊರತು ಡಿಸ್ಪೋಸ್ ಮಾಡುವುದಿಲ್ಲ (ಅವು ಹಿಡಿದಿದ್ದ ಹ್ಯಾಂಡಲ್ಲುಗಳನ್ನು ವಿಂಡೋಸ್‌ಗೆ ಮರಳಿಸುವುದಿಲ್ಲ), ಮತ್ತು ‘ಶೋ ಡೈಲಾಗ್’ ಮೂಲಕ ತೆರೆದ ಫಾರ್ಮ್ ಮುಚ್ಚಿದಾಗ ಮರೆಯಾಗುತ್ತದೆ, ಡಿಸ್ಪೋಸ್ ಆಗುವುದಿಲ್ಲ. ಮೊದಲನೆಯದರಲ್ಲಿ ಒಂದೊಂದನ್ನೂ ನೀವೇ ಡಿಸ್ಪೋಸ್ ಮಾಡಿ, ಎರಡನೆಯದನ್ನು ಕೆಲಸ ಮುಗಿದೊಡನೆ ತಾನಾಗಿ ಡಿಸ್ಪೋಸ್ ಮಾಡುವ ‘ಯೂಸಿಂಗ್’ ಒಳಗಿಡಿ.

ಪ್ರಶ್ನೆ (ಕೊಪ್ಪದಿಂದ): ಡಾಸ್ ಕಾಲದಿಂದ ಬಂದ ಗುಮಾಸ್ತರು ಎಂಟರ್ ಒತ್ತಿದರೆ ಮುಂದಿನ ಪೆಟ್ಟಿಗೆಗೆ ಹೋಗಬೇಕು ಎನ್ನುತ್ತಾರೆ. ವಿಂಡೋಸ್ ಪದ್ಧತಿ ಮುರಿಯುವುದು ಸರಿಯೆ ಸರ್?

ಉತ್ತರ: ದಿನವಿಡೀ ಅಂಕಿ ಒತ್ತುವವರ ಕೈ ನಂಬರ್ ಪ್ಯಾಡಿನ ಮೇಲಿರುತ್ತದೆ, ಎಂಟರ್ ಅಲ್ಲೇ ಇದೆ, ಟ್ಯಾಬ್ ಕೀಬೋರ್ಡಿನ ಇನ್ನೊಂದು ತುದಿಯಲ್ಲಿದೆ. ಅವರು ಕೇಳುತ್ತಿರುವುದು ನ್ಯಾಯವಾಗಿದೆ, ಮಾಡಿಕೊಡಿ. ಆ ಫಾರ್ಮ್‌ನಲ್ಲಿ ‘ಆಕ್ಸೆಪ್ಟ್ ಬಟನ್’ (ಎಂಟರ್ ಒತ್ತಿದರೆ ತಾನೇ ಒತ್ತಿದಂತಾಗುವ ಬಟನ್) ಇಡಬೇಡಿ, ಇಟ್ಟರೆ ತೂಕ ನಮೂದಿಸುತ್ತಿದ್ದಂತೆಯೇ ಬಿಲ್ ಉಳಿದುಬಿಡುತ್ತದೆ. ಷರಾ ಬರೆಯುವ ಹಲವು ಸಾಲಿನ ಪೆಟ್ಟಿಗೆಗೆ ಮಾತ್ರ ವಿನಾಯಿತಿ ಕೊಡಿ, ಟ್ಯಾಬ್ ಕ್ರಮವನ್ನು ಕಾಗದದ ತೂಕದ ಚೀಟಿಯಲ್ಲಿರುವ ಕ್ರಮಕ್ಕೆ ಹೊಂದಿಸಿ, ಏಕೆಂದರೆ ಅವರ ಕಣ್ಣು ಪರದೆಯ ಮೇಲಿಗಿಂತ ಹೆಚ್ಚಾಗಿ ಆ ಚೀಟಿಯ ಮೇಲೇ ಇರುತ್ತದೆ.