ಎಕ್ಸ್ ಅಂದ ತಕ್ಷಣ ಮಕ್ಕಳು ಗಪ್‌ಚುಪ್: ಸಂಖ್ಯಾಶಾಸ್ತ್ರ ಮೊದ್ಲು ಮಾಡ್ಲಾ?

ಗಣಿತದ ಟೀಚರ್:
ಎಲ್ಲರಿಗೂ ನಮಸ್ಕಾರ. ಸರ್ಕಾರಿ ಹೈಸ್ಕೂಲಲ್ಲಿ 8, 9ನೇ ಕ್ಲಾಸಿಗೆ ಗಣಿತ ತಗೋತೀನಿ, ಕನ್ನಡ ಮೀಡಿಯಂ. ನಮ್ಮ ಮಕ್ಕಳು ಲೆಕ್ಕಕ್ಕೆ ಹೆದರೋರಲ್ಲ, ಅಂಗಡಿ ಲೆಕ್ಕ ಬಡ್ಡಿ ಲೆಕ್ಕ ಎಲ್ಲಾ ಬಾಯಲ್ಲೇ ಹೇಳ್ತಾರೆ, ಆದ್ರೆ ಬೋರ್ಡ್ ಮೇಲೆ ಎಕ್ಸ್ ಬರೆದ್ರೆ ಸಾಕು, ಕ್ಲಾಸೇ ಗಪ್‌ಚುಪ್. 3ಎ + 2ಬಿ ಕೊಟ್ರೆ 5ಎಬಿ ಅಂತ ಬರೀತಾರೆ. ಬ್ರಾಕೆಟ್ ಹಿಂದೆ ಮೈನಸ್ ಇದ್ರಂತೂ ಕೇಳೋದೇ ಬೇಡ. ಸರಾಸರಿ ಮಾತ್ರ ಎಲ್ರೂ ಮಾಡ್ತಾರೆ, ಅದ್ರಿಂದ ಏನು ಗೊತ್ತಾಯ್ತು ಅಂತ ಕೇಳಿದ್ರೆ ಮುಖ ಮುಖ ನೋಡ್ಕೋತಾರೆ. ಸಂಖ್ಯಾಶಾಸ್ತ್ರ (ಸ್ಟ್ಯಾಟಿಸ್ಟಿಕ್ಸ್) ಮೊದ್ಲು ತಗೊಂಡು ಆಮೇಲೆ ಬೀಜಗಣಿತಕ್ಕೆ ಹೋದ್ರೆ ಹೇಗೆ? ಹಾಗೆ ಮಾಡಿದವ್ರು ಯಾರಾದ್ರೂ ಇದ್ದೀರಾ?

ಮಲೆನಾಡ ಮೇಷ್ಟ್ರು:
ಖಂಡಿತ ಮಾಡಿ ಮೇಡಂ. ಸರಾಸರಿ ಗೊತ್ತಿರೋ ಮಕ್ಕಳಿಗೆ ಎಕ್ಸ್ ಹೊಸದೇ ಅಲ್ಲ. ಐದು ಜನರ ಟೆಸ್ಟ್ ಅಂಕ ಬರೀರಿ, 12, 15, 9, 18, ಐದನೇದನ್ನ ಅಳಿಸಿಬಿಡಿ, ಸರಾಸರಿ 14 ಅಂತ ಮಾತ್ರ ಹೇಳಿ. ಒಟ್ಟು 70 ಆಗ್ಬೇಕು, ಇರೋದು 54, ಹಾಗಾದ್ರೆ 16 ಅಂತ ಅವ್ರೇ ಹೇಳ್ತಾರೆ. ಅಳಿಸಿದ ಜಾಗಕ್ಕೆ ಎಕ್ಸ್ ಹಾಕಿ ಈಗ ನೀವು ಬಾಯಲ್ಲಿ ಹೇಳಿದ್ದನ್ನೇ ಬರೀರಿ ಅನ್ನಿ. ಪಕ್ಷಾಂತರ (ಸಮ ಚಿಹ್ನೆಯ ಆ ಕಡೆಯಿಂದ ಈ ಕಡೆಗೆ ತರೋದು), ಚಿಹ್ನೆ ಬದಲು ಅನ್ನೋ ಮಾತೆಲ್ಲಾ ಆಮೇಲೆ ಬರ್ಲಿ.

5ಎಬಿ ತಪ್ಪು ಎಲ್ಲಿಂದ ಬರುತ್ತೆ ಅಂದ್ರೆ, ಕೆಳಗಿನ ಕ್ಲಾಸಲ್ಲಿ ಎ ಅಂದ್ರೆ ಆಪಲ್ಲು ಬಿ ಅಂದ್ರೆ ಬಾಳೆಹಣ್ಣು ಅಂತ ಹೇಳ್ಕೊಟ್ಟಿರ್ತಾರೆ, ಮಗು ಎರಡನ್ನೂ ಒಂದೇ ಬುಟ್ಟಿಗೆ ಹಾಕತ್ತೆ. ಎ ಅನ್ನೋದು ಹಣ್ಣಲ್ಲ, ಒಂದು ಹಣ್ಣಿನ ಬೆಲೆ, ಅಂದ್ರೆ ಒಂದು ಸಂಖ್ಯೆ, ಇದನ್ನ ಬಿಡದೆ ಹೇಳ್ತಾ ಇರ್ಬೇಕು. ಎ 10, ಬಿ 4 ಅಂತ ಹಾಕಿಸಿ, 3ಎ + 2ಬಿ 38 ಬರುತ್ತೆ, 5ಎಬಿ 200 ಬರುತ್ತೆ, ವಾದ ಮುಗೀತು. ಮೈನಸ್ ಬ್ರಾಕೆಟ್ಟಿಗೂ ಇದೇ ಮದ್ದು. 10 – (ಎಕ್ಸ್ – 3) ಅನ್ನ 10 – ಎಕ್ಸ್ – 3 ಅಂತ ಬರೆದವ್ರ ಹತ್ರ ಎಕ್ಸ್ 5 ಹಾಕ್ಸಿ ನೋಡಿ, ಒಂದು ಕಡೆ 8 ಇನ್ನೊಂದು ಕಡೆ 2.

ಬೆಂಕಿಕಡ್ಡಿ ಚೌಕಗಳನ್ನೂ ಬಿಡಬೇಡಿ. ಒಂದಕ್ಕೊಂದು ಅಂಟಿಸಿ ಸಾಲಾಗಿ ಜೋಡಿಸಿದ್ರೆ ಕಡ್ಡಿ 4, 7, 10 ಹೀಗೆ ಹೋಗತ್ತೆ. ಎನ್ ಚೌಕಕ್ಕೆ ಎಷ್ಟು ಕಡ್ಡಿ ಅಂತ ಕೇಳಿ. ಒಬ್ಬ 3ಎನ್ + 1 ಅಂತಾನೆ, ಇನ್ನೊಬ್ಬಳು 4 + 3(ಎನ್ – 1) ಅಂತಾಳೆ, ಮತ್ತೊಬ್ಬ ಮೇಲೆ ಎನ್, ಕೆಳಗೆ ಎನ್, ನಿಂತಿರೋವು ಎನ್ + 1 ಅಂತಾನೆ. ಮೂರೂ ಒಂದೇನಾ ಅಂತ ಜಗಳ ಬಂದಾಗ್ಲೇ ಬ್ರಾಕೆಟ್ ಬಿಡಿಸೋದು ಯಾಕೆ ಬೇಕು ಅಂತ ಗೊತ್ತಾಗೋದು.

ಹುಬ್ಬಳ್ಳಿ ಕ್ರಿಕೆಟ್ ಮಂದಿ:
ಮೇಡಂ, ಕ್ರಿಕೆಟ್ ಹಿಡೀರಿ, ಹುಡುಗ್ರು ತಾವಾಗೇ ಬರ್ತಾರ. ದ್ರಾವಿಡ್ ಟೆಸ್ಟ್‌ನ್ಯಾಗ 286 ಇನಿಂಗ್ಸ್, 13288 ರನ್. ಭಾಗ ಮಾಡ್ರಿ ಅಂದ್ರ 46.46 ಬರ್ತದ, ಆದ್ರ ಎಲ್ಲಾ ಕಡೆ 52.31 ಅಂತ ಐತಿ. ಯಾಕಂದ್ರ 32 ಸಲ ನಾಟೌಟ್, ಭಾಗ ಮಾಡೋದು ಔಟಾದ 254ರಿಂದ. ಇದು ನ್ಯಾಯ ಏನು ಅಂತ ಕೇಳ್ರಿ, ಯಾವುದರಿಂದ ಭಾಗ ಮಾಡ್ಬೇಕು ಅನ್ನೋ ವಿಚಾರ ಅಲ್ಲೇ ಶುರು ಆಗ್ತದ.

ಆಮೇಲೆ ಆಸ್ಟ್ರೇಲಿಯಾದ ಬ್ಯಾಟ್ಸ್‌ಮನ್ ಬ್ರಾಡ್‌ಮನ್. 1948ರಾಗ ಲಂಡನ್ನಿನ ಓವಲ್ ಮೈದಾನದಾಗ ಕೊನೇ ಇನಿಂಗ್ಸ್ ಆಡಾಕ ಬಂದಾಗ 6996 ರನ್, 69 ಸಲ ಔಟ್, ಸರಾಸರಿ 101.39. ಸೊನ್ನೆಗೆ ಔಟಾದ, 99.94ಕ್ಕ ಇಳೀತು. ಎಷ್ಟು ಹೊಡದಿದ್ರ ಬರೋಬ್ಬರಿ 100 ಆಗ್ತಿತ್ತು? 6996 + ಎಕ್ಸ್, ಭಾಗಿಸು 70, ಸಮ 100. ಎಕ್ಸ್ 4, ಒಂದ ಬೌಂಡರಿ!

ಗಣಿತದ ಟೀಚರ್:
ಬ್ರಾಡ್‌ಮನ್ ಲೆಕ್ಕ ನಾಳೆನೇ ಕೊಡ್ತೀನಿ ಸರ್, ಇಬ್ಬರಿಗೂ ಥ್ಯಾಂಕ್ಸ್. 10ನೇ ಕ್ಲಾಸಿಂದು ಒಂದು ಕೇಳ್ಲಾ, ವರ್ಗಾಂತರ (20ರಿಂದ 30 ಥರದ ಗುಂಪು) ಇರೋ ಮಧ್ಯಾಂಕದ (ಕ್ರಮವಾಗಿ ಜೋಡಿಸಿದಾಗ ನಡುವೆ ಬರೋ ಬೆಲೆಯ) ಸೂತ್ರ ಬಾಯಿಪಾಠ ಮಾಡ್ಸೋದು ಬಿಟ್ಟು ಬೇರೆ ದಾರಿ ಇದ್ಯಾ?

ತುಮಕೂರು ಟ್ಯೂಷನ್ ಅಕ್ಕ:
ಇದೆ ಮೇಡಂ. ಮೊದ್ಲು ಮಧ್ಯಾಂಕ ಯಾಕೆ ಬೇಕು ಅಂತ ತೋರ್ಸಿ. ಐದು ಜನರ ದಿನದ ಸಂಪಾದನೆ 400, 400, 450, 500, 3000 ಅಂತ ಇಟ್ಕೊಳಿ, ಸರಾಸರಿ 950, ಆದ್ರೆ ಅಷ್ಟು ದುಡಿಯೋರು ಅಲ್ಲಿ ಒಬ್ರೂ ಇಲ್ಲ. ಮಧ್ಯಾಂಕ 450, ಅದು ನಿಜಕ್ಕೆ ಹತ್ರ.

ಆಮೇಲೆ ಸೂತ್ರ ಹೇಳದೇನೇ ಒಂದು ಲೆಕ್ಕ. 40 ಮಕ್ಕಳನ್ನ ಅಂಕದ ಕ್ರಮದಲ್ಲಿ ನಿಲ್ಸಿದ್ರೆ ಅರ್ಧಕ್ಕೆ ಬರೋ 20ನೇವ್ರು ಎಲ್ಲಿದ್ದಾರೆ? 20ಕ್ಕಿಂತ ಕಡಿಮೆ ಅಂಕದವ್ರು 14 ಜನ, 20ರಿಂದ 30ರ ಗುಂಪಲ್ಲಿ 12 ಜನ. ಇನ್ನೂ 6 ಜನ ಬೇಕು, 12ರಲ್ಲಿ 6 ಅಂದ್ರೆ ಅರ್ಧ ದಾರಿ, ಗುಂಪಿನ ಅಗಲ 10, ಅದ್ರಲ್ಲಿ ಅರ್ಧ 5, ಹಾಗಾಗಿ 25. ಗುಂಪಿನೊಳಗೆ ಎಲ್ರೂ ಸಮವಾಗಿ ಹರಡಿದ್ದಾರೆ ಅಂತ ನಾವು ಅಂದ್ಕೊಂಡಿದೀವಿ ಅಷ್ಟೇ, ಅದನ್ನೂ ಮಕ್ಕಳಿಗೆ ಬಾಯಿಬಿಟ್ಟು ಹೇಳಿ. ಈಗ ಸೂತ್ರ ಬೋರ್ಡಿಗೆ ಹಾಕಿ, ಸಂಚಿತ ಆವೃತ್ತಿ (ಹಿಂದಿನ ಗುಂಪುಗಳವ್ರ ಒಟ್ಟು ಲೆಕ್ಕ, ಇಲ್ಲಿ 14) ಯಾವ್ದು, ವರ್ಗಾಂತರದ ಗಾತ್ರ ಯಾವ್ದು ಅಂತ ಅವ್ರೇ ಬೆರಳು ಮಾಡಿ ತೋರಿಸ್ತಾರೆ. ಬಹುಲಕದ (ಅತಿ ಹೆಚ್ಚು ಸಲ ಬರೋ ಬೆಲೆಯ) ಸೂತ್ರನ ಹೀಗೆ ಬಾಯಲ್ಲಿ ಬಿಡಿಸೋದು ಕಷ್ಟ, ಅದಕ್ಕೆ ಹಿಸ್ಟೋಗ್ರಾಮ್ (ಗುಂಪಿಗೊಂದು ಕಂಬ ಇರೋ ಚಿತ್ರ) ಹಾಕ್ಸಿ, ಎತ್ತರದ ಕಂಬದ ಎರಡು ಮೇಲ್ತುದಿಯಿಂದ ಎದುರು ಬದಿಯ ಪಕ್ಕದ ಕಂಬ ಅದಕ್ಕೆ ತಾಗೋ ಮೇಲ್ತುದಿಗೆ ಅಡ್ಡಗೆರೆ ಎಳೆಸಿ, ಗೆರೆ ಕೂಡೋ ಜಾಗದಿಂದ ನೇರ ಕೆಳಗೆ ಇಳಿದ್ರೆ ಬಹುಲಕ.