ಎಕ್ಸ್‌ಚೇಂಜ್ ಹೊಸದು, ಫೈಬರ್ ಹೊಸದು. ಫ್ಯಾಕ್ಸ್ ಮಾತ್ರ ಅರ್ಧಕ್ಕೇ ನಿಲ್ಲುತ್ತಿದೆ

ಪ್ರಶ್ನೆ:
ನಮಸ್ಕಾರ. ನಮ್ಮ ಮುಖ್ಯ ಕಟ್ಟಡಕ್ಕೂ ಎರಡನೆಯ ಕಟ್ಟಡಕ್ಕೂ ಆರು ಕಿಲೋಮೀಟರ್ ದೂರ. ಇಷ್ಟು ವರ್ಷ ಎರಡೂ ಕಡೆಯ ಟೆಲಿಫೋನ್ ಎಕ್ಸ್‌ಚೇಂಜ್‌ಗಳ ನಡುವೆ ತಾಮ್ರದ ಕೇಬಲ್ ಮೇಲೆ ಒಂದು ಇ1 ಲೈನ್ (ಹಲವು ಕರೆಗಳನ್ನು ಒಟ್ಟಿಗೆ ಸಾಗಿಸುವ ಡಿಜಿಟಲ್ ಲೈನ್) ಇತ್ತು. ಕಳೆದ ವಾರ ಎರಡನೆಯ ಕಟ್ಟಡದ ಹಳೆಯ ಎಕ್ಸ್‌ಚೇಂಜ್ ತೆಗೆದು ಹೊಸದನ್ನು ಕೂರಿಸಿದೆವು. ಸಿಂಗಲ್ ಮೋಡ್ ಫೈಬರ್ ಎಳೆಸಿ, ಎರಡೂ ತುದಿಗೆ ಆಪ್ಟಿಕಲ್ ಮಕ್ಸ್ (ಇ1 ಸಂಕೇತವನ್ನು ಬೆಳಕಾಗಿ, ಬೆಳಕನ್ನು ಮತ್ತೆ ಸಂಕೇತವಾಗಿ ಬದಲಿಸುವ ಪೆಟ್ಟಿಗೆ) ಹಾಕಿದೆವು.

ಮಾತು ಸ್ಪಷ್ಟವಾಗಿದೆ, ಆಗೊಮ್ಮೆ ಈಗೊಮ್ಮೆ 'ಟಿಕ್' ಎಂಬ ಸದ್ದು ಬರುತ್ತದೆ, ಅಷ್ಟೇ. ಆದರೆ ಪ್ರಯೋಗಾಲಯದ ವರದಿಗಳು ನಮಗೆ ಫ್ಯಾಕ್ಸ್‌ನಲ್ಲೇ ಬರಬೇಕು. ಮೂರು ಪುಟದ ವರದಿ ಎರಡನೆಯ ಪುಟದಲ್ಲಿ ನಿಂತುಬಿಡುತ್ತದೆ. ಬೆಳಕು ಅಳೆದೆ: 1310 ನ್ಯಾನೋಮೀಟರ್‌ನಲ್ಲಿ ಅಲ್ಲಿಂದ ಹೊರಡುವುದು −8 ಡಿಬಿಎಂ (ಬೆಳಕಿನ ಶಕ್ತಿಯ ಅಳತೆ), ಇಲ್ಲಿ ಸಿಗುವುದು −11.5. ಹೊಸ ಎಕ್ಸ್‌ಚೇಂಜ್‌ನ ಪರದೆಯಲ್ಲಿ 'ಸ್ಲಿಪ್' ಎಂಬ ಎಣಿಕೆ ಗಂಟೆಗೆ 28, 29ರಂತೆ ಏರುತ್ತಿದೆ. ಫೈಬರ್ ಜೋಡಣೆ ಸರಿಯಾಗಿಲ್ಲವೇ? ಮತ್ತೆ ತೆರೆಸಬೇಕೇ?

ಉತ್ತರ 1:
ದಯವಿಟ್ಟು ಫೈಬರ್ ಮುಟ್ಟಬೇಡಿ, ಅದರಲ್ಲಿ ದೋಷವಿಲ್ಲ. ನೀವು ಅಳೆದ ನಷ್ಟ ಒಟ್ಟು 3.5 ಡಿಬಿ. ಕಿಲೋಮೀಟರಿಗೆ 0.35ರಂತೆ ಆರು ಕಿಲೋಮೀಟರಿಗೆ 2.1 ಡಿಬಿ ಹೋಗುತ್ತದೆ. ಕನೆಕ್ಟರ್‌ಗಳಿಗೂ ಬೆಸುಗೆಗಳಿಗೂ ಉಳಿದ 1.4 ಸರಿಹೊಂದುತ್ತದೆ.

ನಿಮ್ಮ ಪ್ರಶ್ನೆಗೆ ಉತ್ತರ ಆ ಸ್ಲಿಪ್ ಎಣಿಕೆಯಲ್ಲೇ ಇದೆ. ಪ್ರತಿ ಸ್ಲಿಪ್‌ನಲ್ಲಿ 256 ಬಿಟ್‌ಗಳ ಒಂದು ಇಡೀ ಫ್ರೇಮ್ (ಲೈನಿನಲ್ಲಿ ಸಾಗುವ ಮಾಹಿತಿಯ ಒಂದು ಕಂತು) ಬಿದ್ದುಹೋಗುತ್ತದೆ, ಇಲ್ಲವೇ ಎರಡು ಸಲ ಬರುತ್ತದೆ. ಒಂದು ಫ್ರೇಮಿನ ಅವಧಿ 125 ಮೈಕ್ರೊಸೆಕೆಂಡ್. ಗಂಟೆಗೆ 29 ಎಂದರೆ ಸುಮಾರು 124 ಸೆಕೆಂಡಿಗೊಂದು. 125 ಮೈಕ್ರೊಸೆಕೆಂಡನ್ನು 124 ಸೆಕೆಂಡಿನಿಂದ ಭಾಗಿಸಿ ನೋಡಿ: ಹತ್ತು ಲಕ್ಷಕ್ಕೆ ಒಂದು ಪಾಲು. ಬಿಟ್‌ಗಳ ವೇಗವನ್ನು ನಿಗದಿಪಡಿಸುವ ಗಡಿಯಾರಕ್ಕೆ ಕ್ಲಾಕ್ ಎನ್ನುತ್ತಾರೆ; ನಿಮ್ಮ ಎರಡು ಎಕ್ಸ್‌ಚೇಂಜ್‌ಗಳ ಕ್ಲಾಕ್‌ಗಳ ನಡುವಿನ ವ್ಯತ್ಯಾಸ ಅಷ್ಟು. ಎರಡೂ ತಮ್ಮ ತಮ್ಮ ಒಳಗಿನ ಕ್ಲಾಕ್ ಹಿಡಿದು ನಡೆಯುತ್ತಿವೆ. ಹಳೆಯ ಯಂತ್ರ ಲೈನಿನಿಂದ ಕ್ಲಾಕ್ ತೆಗೆದುಕೊಳ್ಳುತ್ತಿದ್ದಿರಬೇಕು. ಹೊಸದರಲ್ಲಿ ಆ ಆಯ್ಕೆಯನ್ನು ಯಾರೂ ಬದಲಿಸಿಲ್ಲ. ಮಾತಿನಲ್ಲಿ ಬಹುಪಾಲು ಸ್ಲಿಪ್‌ಗಳು ಕಿವಿಗೆ ಬೀಳುವುದೇ ಇಲ್ಲ. ಫ್ಯಾಕ್ಸ್‌ಗೆ ಒಂದೇ ಸಾಕು, ಲಯ ತಪ್ಪುತ್ತದೆ.

ಮುಖ್ಯ ಕಟ್ಟಡಕ್ಕೆ ಟೆಲಿಫೋನ್ ಕಂಪನಿಯ ಇ1 ಬರುತ್ತಿದ್ದರೆ ಅಲ್ಲಿಯ ಎಕ್ಸ್‌ಚೇಂಜ್ ಅದರಿಂದ ಕ್ಲಾಕ್ ಪಡೆಯಲಿ. ಎರಡನೆಯದು ಮುಖ್ಯ ಕಟ್ಟಡದ ಲೈನಿನಿಂದ ಪಡೆಯಲಿ. ಮಕ್ಸ್‌ಗಳು ಕ್ಲಾಕನ್ನು ಬಂದಂತೆ ದಾಟಿಸುವ ವಿಧಾನದಲ್ಲಿವೆಯೇ, ಅದನ್ನೂ ನೋಡಿ.

ಉತ್ತರ 2:
ಮೇಲಿನವರ ಮಾತು ಸರಿ. ನನ್ನದು ಬೇರೆ ಕಾಳಜಿ: ಹಳೆಯ ತಾಮ್ರದ ಕೇಬಲನ್ನು ಕತ್ತರಿಸಿಬಿಟ್ಟಿದ್ದೀರಾ? ಫೋನಿಗೆ ಬೇಕಾದ −48 ವೋಲ್ಟ್ ಎಕ್ಸ್‌ಚೇಂಜ್ ಬ್ಯಾಟರಿಯಿಂದ ತಾಮ್ರದ ಜೋಡಿಯಲ್ಲೇ ಹೋಗುತ್ತದೆ. ಗಾಜಿನ ಎಳೆಯಲ್ಲಿ ವಿದ್ಯುತ್ ಹೋಗುವುದಿಲ್ಲ. ಲಿಫ್ಟ್ ಒಳಗಿನ ಫೋನ್, ಬೆಂಕಿ ಎಚ್ಚರಿಕೆಯ ಲೈನ್ ಆ ಹಳೆಯ ಜೋಡಿಗಳಲ್ಲಿದ್ದರೆ ಕರೆಂಟ್ ಹೋದ ದಿನವೇ ಗೊತ್ತಾಗುವುದು. ಫೈಬರ್ ಕೇಬಲಿಗೆ ಉಕ್ಕಿನ ಕವಚವಿದ್ದರೆ ಕಟ್ಟಡ ಪ್ರವೇಶಿಸುವ ಜಾಗದಲ್ಲೇ ಅದನ್ನು ಅರ್ಥಿಂಗ್‌ಗೆ ಜೋಡಿಸಿ. ಸಿಡಿಲಿನ ಹೊಡೆತಕ್ಕೆ ಆ ಕವಚವೇ ದಾರಿಯಾಗಬಾರದು.

ಪ್ರಶ್ನೆ ಕೇಳಿದವರು:
ನಿನ್ನೆ ಸಂಜೆ ಹೊಸ ಎಕ್ಸ್‌ಚೇಂಜ್‌ನ ಕ್ಲಾಕ್ ಮೂಲವನ್ನು 'ಒಳಗಿನದು' ಎಂಬುದರಿಂದ ಲೈನಿಗೆ ಬದಲಿಸಿದೆ. ಎಣಿಕೆಯನ್ನು ಸೊನ್ನೆಗೆ ತಂದು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದಾಗಲೂ ಸೊನ್ನೆಯೇ ಇತ್ತು. ಹನ್ನೊಂದು ಪುಟದ ವರದಿ ಒಂದೇ ಉಸಿರಿನಲ್ಲಿ ಬಂದಿತು; ಯಂತ್ರದ ಪಕ್ಕದಲ್ಲಿ ನಿಂತು ಒಂದೊಂದೇ ಪುಟ ಎಣಿಸಿದೆ. ಮೊದಲನೆಯವರಿಗೆ ನಾನು ಋಣಿ.

ಎರಡನೆಯವರಿಗೂ. ಹಳೆಯ ಎಂಡಿಎಫ್‌ನಲ್ಲಿ (ತಂತಿ ಜೋಡಿಗಳೆಲ್ಲ ಬಂದು ಸೇರುವ ಚೌಕಟ್ಟು) ಹುಡುಕಿದಾಗ 14ನೆಯ ಜೋಡಿಯಲ್ಲಿ ಲಿಫ್ಟ್ ಫೋನ್ ಸಿಕ್ಕಿತು. ಕೇಬಲ್ ಕತ್ತರಿಸುವ ಕೆಲಸ ನಾಳೆಗೆ ನಿಗದಿಯಾಗಿತ್ತು, ನಿಲ್ಲಿಸಿದ್ದೇನೆ. ಆ ಫೋನನ್ನು ಎರಡನೆಯ ಕಟ್ಟಡದ ಬ್ಯಾಟರಿಗೆ ಸೇರಿಸಿ, ಮುಖ್ಯ ವಿದ್ಯುತ್ ತೆಗೆದು ಪರೀಕ್ಷಿಸಿದ ಮೇಲೆಯೇ ತಾಮ್ರಕ್ಕೆ ಕೈಹಾಕುತ್ತೇವೆ.