ಎಸ್‌ಎಸ್ ತಲೆಬುರುಡೆ ಉಂಗುರ: ತೂಕದ ಲೆಕ್ಕ 8.75, ಎಕ್ಸ್‌ಆರ್‌ಎಫ್ ಚೀಟಿ 92.5. ಯಾವುದನ್ನು ನಂಬುವುದು?

ಪ್ರಶ್ನೆ (ಹಳೆಬೆಳ್ಳಿ):
ನಾಜಿ ಜರ್ಮನಿಯ ಎಸ್‌ಎಸ್ ಪಡೆಯದ್ದೆಂದು ಕೊಂಡ ಬೆಳ್ಳಿ ಉಂಗುರದ ತೂಕ 14.52 ಗ್ರಾಂ. ಲೋಟದಲ್ಲಿ ನೀರಿಟ್ಟು, ತಕ್ಕಡಿ ಸೊನ್ನೆ ಮಾಡಿ, ದಾರದಲ್ಲಿ ಇಳಿಬಿಟ್ಟಾಗ 1.66 ಬಂತು. ಭಾಗಿಸಿದರೆ ಸಾಂದ್ರತೆ 8.75. ಹಾಲ್‌ಮಾರ್ಕ್ ಕೇಂದ್ರದ ಎಕ್ಸ್‌ಆರ್‌ಎಫ್ (ಎಕ್ಸ್-ಕಿರಣದಿಂದ ಲೋಹ ಅಳೆಯುವ ಯಂತ್ರ) ಮಾತ್ರ ಶೇ. 92.5 ಬೆಳ್ಳಿ ತೋರಿಸಿದೆ. ಒಳಗೆ 925 ಮುದ್ರೆ (ಸಾವಿರಕ್ಕೆ 925 ಭಾಗ ಬೆಳ್ಳಿ), ಒಂದು ಹೆಸರು, ‘30.1.45’, ಎಸ್‌ಎಸ್ ಮುಖ್ಯಸ್ಥ ಹಿಮ್ಲರ್ ಸಹಿ. ಬೇರೆ ಲೋಹಕ್ಕೆ ಬೆಳ್ಳಿಯ ಮುಲಾಮು (ಲೇಪ) ಹಾಕಿದ್ದೇ?

ತೂಕದಕಲ್ಲು:
8.75 ಅಂದರೆ ಜರ್ಮನ್ ಸಿಲ್ವರ್ ಹತ್ತಿರದ ಅಂಕಿ. ನಮ್ಮ ಪೂಜಾ ಸಾಮಾನಿನ ಅಂಗಡಿಗಳಲ್ಲಿ ಸಿಗುವ ಅದೇ ತಾಮ್ರ-ಸತು-ನಿಕಲ್, ಹೆಸರಿನಲ್ಲಷ್ಟೇ ಬೆಳ್ಳಿ. ಎಕ್ಸ್‌ಆರ್‌ಎಫ್ ಮೇಲ್ಪದರವನ್ನಷ್ಟೇ ನೋಡುವುದರಿಂದ ನಿಮ್ಮ ಅನುಮಾನ ಸರಿಯಾದದ್ದೇ. ಆದರೆ ಮೊದಲು ಅಳತೆಯನ್ನೇ ಅನುಮಾನಿಸಿ. ಉಂಗುರ ಲೋಟದ ತಳಕ್ಕೆ ಚೂರು ತಾಗಿದರೂ ಅದರ ಭಾರ ತಕ್ಕಡಿಗೆ ಸೇರಿ ಅಂಕಿ ಏರುತ್ತದೆ, ಸಾಂದ್ರತೆ ಇಳಿಯುತ್ತದೆ. ಬುರುಡೆಯ ಕಣ್ಣುಗುಳಿಯಲ್ಲಿ ಕೂತ ಗಾಳಿಗುಳ್ಳೆಯೂ ಹಾಗೇ ಮಾಡುತ್ತದೆ. ಕುದಿಸಿ ಆರಿಸಿದ ನೀರು ತೆಗೆದುಕೊಳ್ಳಿ, ಪಾತ್ರೆ ತೊಳೆಯುವ ದ್ರವ ಒಂದು ಹನಿ ಹಾಕಿ, ದಾರದ ಬದಲು ತೆಳು ನೈಲಾನ್ ಎಳೆ ಕಟ್ಟಿ. ಉಂಗುರ ಪೂರ್ತಿ ಮುಳುಗಿರಬೇಕು, ತಳಕ್ಕೂ ಗೋಡೆಗೂ ತಾಗಬಾರದು. ಮೂರು ಸಲ ತೂಗಿ.

ಹಳೆಬೆಳ್ಳಿ:
ತಳಕ್ಕೆ ತಾಗುತ್ತಿತ್ತು! ಈಗ 1.40, 1.40, 1.41.

ತೂಕದಕಲ್ಲು:
ಹಾಗಾದರೆ ಸುಮಾರು 10.35. 925 ಬೆಳ್ಳಿಗೆ 10.36 ಬರಬೇಕು, ಸರಿಹೋಯಿತು. ಮುಲಾಮಲ್ಲ, ಒಳಗೂ ಬೆಳ್ಳಿಯೇ. ಈ ತಕ್ಕಡಿಯಲ್ಲಿ 0.01 ಗ್ರಾಂ ಆಚೀಚೆಯಾದರೆ ಉತ್ತರ 0.07 ಜಾರುತ್ತದೆ, 800 (10.14) ಮತ್ತು 835 (10.20) ನಡುವಿನ ಅಂತರ ಇದರಲ್ಲಿ ಗೊತ್ತಾಗುವುದಿಲ್ಲ.

ಅಚ್ಚುಮೊಳೆ:
ಲೋಹ ಗೆದ್ದಿತು, ಉಂಗುರ ಸೋತಿತು. ಅಸಲಿ ಉಂಗುರಗಳನ್ನು ಮಾಡುತ್ತಿದ್ದುದು ಮ್ಯೂನಿಕ್‌ನ ಗಾರ್ ಕಾರ್ಯಾಗಾರ. ಅಂಗಡಿ ಸರಕಲ್ಲ, ಹಿಮ್ಲರ್ ಹೆಸರಿನಲ್ಲಿ ಕೊಡುತ್ತಿದ್ದದ್ದು. ಶುದ್ಧತೆಯ ಮುದ್ರೆ ಅದರಲ್ಲಿ ಇರುವುದಿಲ್ಲ. ಆ ಕಾಲದ ಜರ್ಮನ್ ಅಂಗಡಿ ಬೆಳ್ಳಿಯಲ್ಲಾದರೆ 1888ರಿಂದ ಜಾರಿಯಲ್ಲಿದ್ದ ಅರ್ಧಚಂದ್ರ-ಕಿರೀಟದ ಮುದ್ರೆಯ ಜೊತೆ ಹೆಚ್ಚಾಗಿ 800 ಅಥವಾ 835 ಕಾಣುತ್ತದೆ. ತಾರೀಖಂತೂ ನಿಲ್ಲುವುದೇ ಇಲ್ಲ: 1944ರ ಅಕ್ಟೋಬರಿನಲ್ಲೇ ಉಂಗುರ ಮಾಡುವುದನ್ನೂ ಕೊಡುವುದನ್ನೂ ನಿಲ್ಲಿಸಲಾಗಿತ್ತು.

ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ಒಳಬರಹ ನೋಡಿ. ಕೈ ಉಳಿಯ ಗೆರೆ ‘ವಿ’ ಆಕಾರದಲ್ಲಿ ಹರಿತವಾಗಿರುತ್ತದೆ, ಆಳ ಹೆಚ್ಚುಕಡಿಮೆ ಇರುತ್ತದೆ. ಗೆರೆಯ ಅಂಚು ಕರಗಿದ ಬೆಣ್ಣೆಯಂತೆ ಉರುಟಾಗಿದ್ದರೆ ಅಕ್ಷರವೂ ಎರಕದಲ್ಲೇ ಬಂದದ್ದು. ತಳದಲ್ಲಿ ಒಂದೇ ಅಳತೆಯ ಚುಕ್ಕಿಗಳ ಸಾಲಿದ್ದರೆ ಲೇಸರ್. ಬುರುಡೆಯನ್ನು ಪ್ರತ್ಯೇಕವಾಗಿ ಮಾಡಿ ಬೆಸುಗೆ ಹಾಕುತ್ತಿದ್ದರು. ಸುತ್ತ ಬೆಸುಗೆಯ ಗೆರೆಯೇ ಇಲ್ಲದೆ ಪಟ್ಟಿಯಿಂದ ಉಬ್ಬಿ ಬಂದಂತಿದ್ದರೆ ಇಡೀ ಉಂಗುರ ಒಂದೇ ಎರಕ. ಇನ್ನು ರೂನ್ (ಉತ್ತರ ಯೂರೋಪಿನ ಪ್ರಾಚೀನ ಅಕ್ಷರ) ಮತ್ತಿತರ ಚಿಹ್ನೆಗಳು. ಅಸಲಿಯಲ್ಲಿ ಸಿಗ್ ರೂನ್ ತ್ರಿಕೋನದೊಳಗೆ, ಹಾಗಲ್ ರೂನ್ ಷಟ್ಕೋನದೊಳಗೆ, ಸ್ವಸ್ತಿಕ ಚೌಕದೊಳಗೆ, ಜೋಡಿ ರೂನ್ ವೃತ್ತದೊಳಗೆ. ಚೌಕಟ್ಟು ಕಲಸಿಹೋಗಿದ್ದರೆ ಬೇರೆ ಪರೀಕ್ಷೆ ಬೇಕಿಲ್ಲ.

ಇವನ್ನು ‘ವೈಕಿಂಗ್ ಅಕ್ಷರ’ ಎಂದು ಮಾರುವವರಿದ್ದಾರೆ. ಸೂರ್ಯನ ಹೆಸರಿದ್ದ ರೂನ್ ಅನ್ನು ‘ಸಿಗ್’, ಅಂದರೆ ಗೆಲುವು, ಮಾಡಿದ್ದು 20ನೇ ಶತಮಾನದ ಆರಂಭದಲ್ಲಿ ಆಸ್ಟ್ರಿಯಾದ ಗೈಡೋ ಫಾನ್ ಲಿಸ್ಟ್. ರೂನ್‌ಗಳ ಅತಿ ಹಳೆಯ ಸಾಲಿನಲ್ಲಿ 24 ಚಿಹ್ನೆಗಳಿದ್ದರೆ ಅವನದರಲ್ಲಿ 18.

ಹಳೆಬೆಳ್ಳಿ:
ಅಕ್ಷರಗಳ ಅಂಚು ಉರುಟು, ಬುರುಡೆ ಸುತ್ತ ಗೆರೆ ಇಲ್ಲ. ಕಪ್ಪು ಬಟ್ಟೆಗೆ ಹತ್ತುತ್ತಿದೆ. ಹುಣಸೆಹಣ್ಣಿನಲ್ಲಿ ತೊಳೆಯಬಹುದೇ?

ಅಚ್ಚುಮೊಳೆ:
ಬೇಡ. ಹುಣಸೆ, ವಿಭೂತಿ, ಸೋಡಾ-ಅಲ್ಯೂಮಿನಿಯಂ ಹಾಳೆ ಯಾವುದೂ ಬೇಡ. ಬೆಳ್ಳಿಯ ಮೇಲೆ ವರ್ಷಗಟ್ಟಲೆ ತಾನಾಗಿ ಕಟ್ಟಿದ ಕಪ್ಪು (ಸಲ್ಫೈಡ್) ಹೀಗೆ ಒರೆಸಿದರೆ ಬರುವುದಿಲ್ಲ. ಹತ್ತುವ ಕಪ್ಪು ಸಾಮಾನ್ಯವಾಗಿ ಬಣ್ಣ ಅಥವಾ ಪಾಲಿಷ್ ಮಸಿ. ಆದರೂ ಅದೇ ನಿಮ್ಮ ಸಾಕ್ಷಿ, ಫೋಟೋ ತೆಗೆಯುವವರೆಗೆ ಮುಟ್ಟಬೇಡಿ. ಮಾರಿದವರಿಗೆ ಒಳಬರಹ, ಬುರುಡೆಯ ಅಂಚು, 925 ಮುದ್ರೆ ಮೂರರ ಹತ್ತಿರದ ಚಿತ್ರವನ್ನೂ ಎಕ್ಸ್‌ಆರ್‌ಎಫ್ ಚೀಟಿಯನ್ನೂ ಕಳಿಸಿ ಹಣ ವಾಪಸ್ ಕೇಳಿ. ಅವರು ಒಪ್ಪದಿದ್ದರೆ ಇದರ ಬೆಲೆ 14.52 ಗ್ರಾಂ ಬೆಳ್ಳಿಯದ್ದು, ಅಷ್ಟೇ. ಇಟ್ಟುಕೊಂಡರೆ ಡಬ್ಬಿಯ ಮೇಲೆ ‘ಯುದ್ಧಾನಂತರದ ನಕಲು’ ಎಂದು ಬರೆದಿಡಿ. ಜರ್ಮನಿಗೆ ಹೋಗುವಾಗ ಬೆರಳಲ್ಲಿ ಬೇಡ: ಅಲ್ಲಿನ ದಂಡಸಂಹಿತೆಯ 86ಎ ಈ ಚಿಹ್ನೆಗಳನ್ನು ಸಾರ್ವಜನಿಕವಾಗಿ ತೋರಿಸುವುದನ್ನು ಅಪರಾಧ ಎನ್ನುತ್ತದೆ, ನಕಲಾದರೂ ಬಿಡುವುದಿಲ್ಲ.